ಕತ್ತರಿ, ಅಂಟು, ಕಾಗದದ ಲೇಸು

1848ರ ಫೆಬ್ರುವರಿ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮೌಂಟ್ ಹೋಲಿಯೋಕ್ ಎಂಬ ಹೆಣ್ಣುಮಕ್ಕಳ ವಿದ್ಯಾಲಯದಲ್ಲಿ ಮುಖ್ಯಸ್ಥೆ ಮೇರಿ ಲಯನ್ ಸಭಾಂಗಣದಲ್ಲಿ ಎದ್ದು ನಿಂತು, ವ್ಯಾಲೆಂಟೈನ್ ಕಾರ್ಡುಗಳನ್ನು ಯಾರೂ ಅಂಚೆಗೆ ಹಾಕಕೂಡದು ಎಂದು ಕಟ್ಟಪ್ಪಣೆ ಮಾಡಿದರು. ಅಲ್ಲಿ ಓದುತ್ತಿದ್ದ ಹದಿನೇಳರ ಎಮಿಲಿ ಡಿಕಿನ್ಸನ್, ಮುಂದೆ ದೊಡ್ಡ ಕವಯಿತ್ರಿ ಎನಿಸಿಕೊಂಡಾಕೆ, ಈ ಸುದ್ದಿಯನ್ನು ಅಣ್ಣ ಆಸ್ಟಿನ್‌ಗೆ ಪತ್ರದಲ್ಲಿ ತಿಳಿಸಿದ್ದಾಳೆ. ಹಿಂದಿನ ವರ್ಷದ ಅನುಭವವಿದ್ದ ಹುಡುಗಿಯರು ರಜೆಯಲ್ಲೇ ಎಲ್ಲ ಬರೆದಿಟ್ಟು ಬೇರೊಬ್ಬರ ಕೈಗೆ ಒಪ್ಪಿಸಿಬಿಟ್ಟಿದ್ದರಂತೆ. ಅಪ್ಪಣೆ ಹೊರಡುವ ಹೊತ್ತಿಗೆ ಸುಮಾರು 150 ಕಾರ್ಡುಗಳು ಸೇರಬೇಕಾದಲ್ಲಿಗೆ ಹೊರಟೇ ಹೋಗಿದ್ದವು.

ಅದೇ ವಿದ್ಯಾಲಯದಲ್ಲಿ 1847ರಲ್ಲಿ ಓದು ಮುಗಿಸಿ ಊರಿಗೆ ಮರಳಿದ್ದ ಇನ್ನೊಬ್ಬ ಹುಡುಗಿ ಎಸ್ತರ್ ಹೌಲ್ಯಾಂಡ್. ಊರು ವೂಸ್ಟರ್. ತಂದೆ ಸೌತ್‌ವರ್ತ್ ಹೌಲ್ಯಾಂಡ್ ಅವರಿಗೆ ಅಲ್ಲಿ ಪುಸ್ತಕ ಮತ್ತು ಲೇಖನ ಸಾಮಗ್ರಿಗಳ ದೊಡ್ಡ ಅಂಗಡಿಯಿತ್ತು. ತಂದೆಯ ವ್ಯವಹಾರದ ಪರಿಚಯಸ್ಥರೊಬ್ಬರಿಂದ ಆ ಸುಮಾರಿಗೆ ಎಸ್ತರ್ ಕೈಗೆ ಇಂಗ್ಲೆಂಡಿನ ಒಂದು ವ್ಯಾಲೆಂಟೈನ್ ಕಾರ್ಡು ಬಂತು. ಅದರ ಅಂಚಿನಲ್ಲಿ ಲೇಸಿನಂತೆ ತೂತುಬಿದ್ದ ಬಿಳಿ ಕಾಗದ, ಮೇಲೆ ಕತ್ತರಿಸಿ ಅಂಟಿಸಿದ ಬಣ್ಣದ ಹೂಗಳು. ಅಮೆರಿಕದಲ್ಲಿ ಆಗ ಸಿಗುತ್ತಿದ್ದ ಕಾರ್ಡುಗಳು ಇದರ ಮುಂದೆ ಬಡಕಲು. ಇಂಥದ್ದನ್ನು ತಾನೇ ಮಾಡಬಲ್ಲೆ ಎಂಬ ಧೈರ್ಯ ಎಸ್ತರ್‌ಗೆ ಬಂತು. ತಂದೆಗೆ ಹೇಳಿ ಲೇಸು ಕಾಗದ, ಹೂಗಳ ಚಿತ್ರ ತರಿಸಿಕೊಂಡರು, ಹನ್ನೆರಡು ಮಾದರಿಗಳನ್ನು ಮಾಡಿದರು. ಅಂಗಡಿಯ ಮಾಲಿಗೆ ಊರೂರು ತಿರುಗಿ ಆರ್ಡರು ಹಿಡಿಯುತ್ತಿದ್ದ ಸಹೋದರ ಆ ಮಾದರಿಗಳನ್ನೂ ಪೆಟ್ಟಿಗೆಗೆ ಹಾಕಿಕೊಂಡ. 200 ಡಾಲರಿನಷ್ಟು ಬೇಡಿಕೆ ಬಂದರೆ ಸಾಕೆಂದು ಎಸ್ತರ್ ಅಂದುಕೊಂಡಿದ್ದರೆ, ಆತ ತಿರುಗಿ ಬಂದಾಗ ತಂದದ್ದು 5,000 ಡಾಲರಿಗೂ ಮೀರಿದ ಆರ್ಡರು.

ಒಬ್ಬಳ ಕೈಯಿಂದ ಮುಗಿಯುವ ಕೆಲಸವಲ್ಲ. ಅಲ್ಲಿಂದ ಶುರುವಾದದ್ದನ್ನು ಹೇಳುವ ಮೊದಲು ಆ ಕಾರ್ಡಿನೊಳಗೆ ಏನೇನಿತ್ತು, ಅದೆಲ್ಲ ಎಲ್ಲಿಂದ ಬಂದಿತ್ತು ಎಂಬುದನ್ನು ನೋಡಬೇಕು. ಕೈಯಿಂದ ಮಾಡಿದ ಶುಭಾಶಯ ಪತ್ರ ಎಂದಾಗ ಯಂತ್ರದ ನೆರಳೂ ಸೋಕದ ವಸ್ತುವೊಂದು ನಮ್ಮ ಕಣ್ಣಮುಂದೆ ಬರುತ್ತದೆ. ಚರಿತ್ರೆ ಹಾಗಿಲ್ಲ. ಇಂದು ನಾವು ಕರಕುಶಲ ಎಂದು ಮೆಚ್ಚುವ ಕಾರ್ಡು ಹುಟ್ಟಿದ್ದೇ ಯಂತ್ರ ಅಚ್ಚೊತ್ತಿ, ಕೊರೆದು, ಕತ್ತರಿಸಿ ಕೊಟ್ಟ ತುಣುಕುಗಳನ್ನು ಹೆಂಗಸರ ಕೈಗಳು ಜೋಡಿಸಿದಾಗ.

ಕಾಗದವನ್ನು ಉಬ್ಬಿಸುವ ಎಂಬಾಸಿಂಗ್ ಕೆಲಸಕ್ಕೆ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಹೆಸರಾಗಿದ್ದುದು ಲಂಡನ್ನಿನ ಡಾಬ್ಸ್ ಕಂಪನಿ. ಉಕ್ಕಿನ ಅಚ್ಚಿನಲ್ಲಿ ಚಿತ್ರವನ್ನು ಒಳಮುಖವಾಗಿ ಕೊರೆದಿರುತ್ತಾರೆ. ಅದಕ್ಕೆ ಸರಿಯಾಗಿ ಕೂರುವ, ಉಬ್ಬಿದ ಚಿತ್ರವಿರುವ ಎದುರಚ್ಚೊಂದು ಇರುತ್ತದೆ. ನಡುವೆ ಕಾಗದ ಇಟ್ಟು ಬಲವಾಗಿ ಒತ್ತಿದರೆ ಚಿತ್ರ ಕಾಗದದಿಂದ ಮೇಲೆದ್ದು ಬರುತ್ತದೆ. ಸಂಕ್ರಾಂತಿಯ ಸಕ್ಕರೆ ಅಚ್ಚು ಮಾಡುವ ಮರದ ಪಡಿಯಚ್ಚನ್ನು ಕಂಡವರಿಗೆ ಇದು ಸುಲಭವಾಗಿ ಹೊಳೆದೀತು. ವ್ಯತ್ಯಾಸವೆಂದರೆ ಅಲ್ಲಿ ಎರಡು ಹೋಳಿನಲ್ಲೂ ಹಳ್ಳವಿದ್ದು ನಡುವೆ ಪಾಕ ತುಂಬುತ್ತದೆ, ಇಲ್ಲಿ ಒಂದರ ಹಳ್ಳಕ್ಕೆ ಇನ್ನೊಂದರ ಉಬ್ಬು ಇಳಿದು ಕಾಗದವನ್ನು ಹಿಗ್ಗಿಸುತ್ತದೆ. ಕಾಗದ ಒಳ್ಳೆಯದಲ್ಲದಿದ್ದರೆ ಹರಿದೇ ಹೋಗುತ್ತದೆ. ಆಗಿನ ಕಾಗದದಲ್ಲಿ ಚಿಂದಿ ಬಟ್ಟೆಯ ಉದ್ದ ನಾರು ಇರುತ್ತಿದ್ದುದರಿಂದ ಈ ಹಿಗ್ಗಾಟವನ್ನು ಅದು ತಾಳಿಕೊಳ್ಳುತ್ತಿತ್ತು.

ಲೇಸು ಹುಟ್ಟಿದ್ದು ಇಲ್ಲಿಂದಲೇ. ಡಾಬ್ಸ್‌ನಲ್ಲಿ ಕೆಲಸಕ್ಕಿದ್ದ ಜೋಸೆಫ್ ಅಡೆನ್‌ಬ್ರೂಕ್ 1834ರಲ್ಲಿ ಅದರ ದಾರಿ ಕಂಡುಕೊಂಡರು ಎಂಬುದು ಈ ಕಸುಬಿನವರು ಹೇಳುತ್ತ ಬಂದ ಕಥೆ. ಅಚ್ಚಿನ ಮೇಲೆ ಕಾಗದ ಇನ್ನೂ ಕೂತಿರುವಾಗಲೇ ಮೇಲೆದ್ದ ತುದಿಗಳನ್ನು ಅರದಿಂದ ತಿಕ್ಕಿದರು. ಉಬ್ಬಿದಲ್ಲೆಲ್ಲ ಕಾಗದ ಸವೆದು ತೂತಾಯಿತು, ತಗ್ಗಿದ್ದ ಭಾಗ ಹಾಗೇ ಉಳಿಯಿತು. ಕೊರೆಯಲು ಚಾಕು ಬೇಡ, ಒಂದೊಂದೇ ತೂತಿಗೆ ಒಂದೊಂದು ಏಟು ಬೇಡ. ಗಂಟೆಗಟ್ಟಲೆ ಕತ್ತರಿ ಆಡಿಸಿದರೂ ಸಾಧ್ಯವಾಗದ ನವಿರು ಕೆಲವೇ ಕ್ಷಣಗಳಲ್ಲಿ ಸಿಕ್ಕಿತು. ಮುಂದಿನ ವರ್ಷಗಳಲ್ಲಿ ಲಂಡನ್ನಿನಲ್ಲಿ ಮ್ಯಾನ್ಸೆಲ್, ಮೀಕ್, ವಿಂಡ್ಸರ್ ಮುಂತಾದ ಲೇಸು ಕಾಗದದ ತಯಾರಕರು ಹುಟ್ಟಿಕೊಂಡರು. ಹಲವರು ತಮ್ಮ ಹೆಸರನ್ನು ಅಂಚಿನ ವಿನ್ಯಾಸದೊಳಗೇ ಸಣ್ಣದಾಗಿ ಒತ್ತುತ್ತಿದ್ದರು. ಡಾಬ್ಸ್ ಕಂಪನಿಯ ಹೆಸರು ಪಾಲುದಾರರು ಬದಲಾದಂತೆಲ್ಲ ಬದಲಾಗಿದೆ. ಹಳೆಯ ಕಾರ್ಡು ಯಾವ ವರ್ಷದ ಆಸುಪಾಸಿನದು ಎಂದು ಸಂಗ್ರಾಹಕರು ಇಂದಿಗೂ ಭೂತಗನ್ನಡಿ ಹಿಡಿದು ಆ ಅಕ್ಷರಗಳನ್ನೇ ಹುಡುಕುತ್ತಾರೆ.

ಎರಡನೆಯ ಸಾಮಗ್ರಿ ಜರ್ಮನಿಯದು. ಹೂವು, ಹಕ್ಕಿ, ಮಗು, ದೇವದೂತರ ಬಣ್ಣದ ಚಿತ್ರಗಳನ್ನು ದೊಡ್ಡ ಹಾಳೆಯಲ್ಲಿ ಕಲ್ಲಚ್ಚಿನಿಂದ ಮುದ್ರಿಸಿ, ಮೆರುಗು ಹಚ್ಚಿ, ಉಬ್ಬಿಸಿ, ಕೊನೆಗೆ ಚಿತ್ರದ ಅಂಚಿಗೆ ಸರಿಯಾಗಿ ಡೈ ಕಟಿಂಗ್, ಅಂದರೆ ಹರಿತ ಅಂಚಿನ ಅಚ್ಚಿನಿಂದ ಒತ್ತಿ ಕತ್ತರಿಸುವ ಕೆಲಸ, ಮಾಡುತ್ತಿದ್ದರು. ಹೀಗೆ ಕತ್ತರಿಸಿದರೂ ಚಿತ್ರಗಳು ಚೆಲ್ಲಾಪಿಲ್ಲಿಯಾಗದಂತೆ ಒಂದನ್ನೊಂದು ಹಿಡಿದುಕೊಂಡಿರಲು ನಡುವೆ ಸಣ್ಣ ಕಾಗದದ ಪಟ್ಟಿಗಳನ್ನು ಬಿಡುತ್ತಿದ್ದರು. ಬೇಕಾದಾಗ ಕೈಯಿಂದ ಬಿಡಿಸಿಕೊಂಡರಾಯಿತು. ಈ ಸ್ಕ್ರ್ಯಾಪ್ ಚಿತ್ರಗಳು ಮೊದಮೊದಲು ಮೆತ್ತಿಕೊಂಡದ್ದು ಕಾರ್ಡಿಗಲ್ಲ, ಬೇಕರಿಯ ಶುಂಠಿ ರೊಟ್ಟಿಗೆ. ಹಬ್ಬದ ತಿನಿಸಿನ ಮೇಲೆ ಅಂಟಿಸಿ ಮಾರುತ್ತಿದ್ದ ಜರ್ಮನ್ ಮಿಠಾಯಿಗಾರರಿಂದ ಅವು ಇಂಗ್ಲೆಂಡಿನ ಹುಡುಗಿಯರ ಆಲ್ಬಂಗಳಿಗೂ ಅಲ್ಲಿಂದ ಅಮೆರಿಕಕ್ಕೂ ದಾಟಿದವು.

ಇದಕ್ಕೂ ಮುಂಚೆ ಕಾರ್ಡು ಮಾಡುವವರೇ ಇರಲಿಲ್ಲ ಎಂದಲ್ಲ. ಕಾಗದ ಮಡಿಸಿ ಕತ್ತರಿಯಿಂದ ಚಿತ್ತಾರ ತೆಗೆಯುವುದು, ಸೂಜಿಯಿಂದ ಚುಚ್ಚಿ ಚಿತ್ರ ಮೂಡಿಸುವುದು, ಮಡಿಕೆಯೊಳಗೆ ಮಡಿಕೆ ಇಟ್ಟು ಒಂದೊಂದರಲ್ಲಿ ಒಂದೊಂದು ಸಾಲು ಬರೆಯುವುದು ಹದಿನೆಂಟನೆಯ ಶತಮಾನದಿಂದಲೂ ಇತ್ತು. ಇವುಗಳಲ್ಲೆಲ್ಲ ಸೊಗಸಾದದ್ದು ಜೇಡರಬಲೆ ಕಾರ್ಡು. ವೃತ್ತಾಕಾರದ ಚಿತ್ರವೊಂದನ್ನು ಸುತ್ತುಸುತ್ತಾಗಿ ಎಷ್ಟು ಸಣ್ಣಗೆ ಕತ್ತರಿಸಿರುತ್ತಾರೆಂದರೆ ಮೇಲ್ನೋಟಕ್ಕೆ ಏನೂ ಗೊತ್ತಾಗದು. ನಡುವಿನ ದಾರ ಹಿಡಿದು ಎತ್ತಿದರೆ ಚಿತ್ರ ಬಲೆಯಾಗಿ ಮೇಲೇಳುತ್ತದೆ, ಅದರಡಿ ಅಡಗಿದ್ದ ಇನ್ನೊಂದು ಚಿತ್ರ ಕಾಣಿಸುತ್ತದೆ.

ಅಂಚೆಯ ವಿಷಯ ಬಿಟ್ಟರೆ ಈ ಕಥೆ ಅರ್ಧವೇ. 1840ರ ತನಕ ಬ್ರಿಟನ್ನಿನಲ್ಲಿ ಪತ್ರದ ದರ ದೂರವನ್ನೂ ಹಾಳೆಗಳ ಸಂಖ್ಯೆಯನ್ನೂ ನೋಡಿ ಲೆಕ್ಕವಾಗುತ್ತಿತ್ತು, ಹಣ ತೆರುತ್ತಿದ್ದುದು ಸಾಮಾನ್ಯವಾಗಿ ಪತ್ರ ಪಡೆದವರೇ. ಲಕೋಟೆ ಹಾಕಿದರೆ ಅದೂ ಒಂದು ಹಾಳೆ. ಪದರದ ಮೇಲೆ ಪದರ ಅಂಟಿಸಿದ ಕಾರ್ಡನ್ನು ಕಳಿಸಿ, ಪಡೆದವರ ಜೇಬಿಗೆ ಕತ್ತರಿ ಹಾಕುವುದು ಯಾವ ಶುಭಾಶಯ? 1840ರ ಜನವರಿ 10ರಿಂದ ಅರ್ಧ ಔನ್ಸ್ ತೂಕದವರೆಗಿನ ಪತ್ರ ದೇಶದ ಯಾವ ಮೂಲೆಗಾದರೂ ಒಂದು ಪೆನ್ನಿಗೆ ಹೋಗತೊಡಗಿತು. ಹಾಳೆ ಎಷ್ಟಿದ್ದರೂ ಚಿಂತೆಯಿಲ್ಲ. ಅಮೆರಿಕದಲ್ಲಿ 1845ರ ಕಾನೂನು ಹಾಳೆಯೆಣಿಕೆ ಬಿಟ್ಟು ತೂಕಕ್ಕೆ ದರ ಕಟ್ಟಿತು, 1851ರಲ್ಲಿ ದರ ಇನ್ನೂ ಇಳಿದು ಮುಂಗಡ ಪಾವತಿಸಿದ ಪತ್ರಕ್ಕೆ 3 ಸೆಂಟ್ ಆಯಿತು. ಲಕೋಟೆ, ಲೇಸು, ಪದರ ಪದರದ ಅಲಂಕಾರ ಇವೆಲ್ಲಕ್ಕೂ ದಾರಿ ತೆರೆದದ್ದು ಈ ತೂಕದ ದರವೇ.

ಎಸ್ತರ್ ಕೆಲಸಕ್ಕಿಳಿದದ್ದು ಇಂಥ ಕಾಲದಲ್ಲಿ. ಸಮ್ಮರ್ ಸ್ಟ್ರೀಟಿನ ಮನೆಯ ಮೂರನೆಯ ಅಂತಸ್ತಿನಲ್ಲಿ ಗೆಳತಿಯರನ್ನು ಸೇರಿಸಿಕೊಂಡರು. ಒಬ್ಬಾಕೆ ಚಿತ್ರ ಕತ್ತರಿಸುತ್ತಾಳೆ, ಇನ್ನೊಬ್ಬಾಕೆ ಹಿನ್ನೆಲೆಯ ಹಾಳೆ ಸಿದ್ಧಮಾಡುತ್ತಾಳೆ, ಮತ್ತೊಬ್ಬಾಕೆ ಲೇಸು ಕೂರಿಸಿ ಮುಂದಿನವಳತ್ತ ಸರಿಸುತ್ತಾಳೆ. ಮಾದರಿ ಎಸ್ತರ್‌ರದ್ದು. ಹೆನ್ರಿ ಫೋರ್ಡ್ ಕಾರಿನ ಕಾರ್ಖಾನೆಯಲ್ಲಿ ಚಲಿಸುವ ಜೋಡಣೆ ಸಾಲನ್ನು ಹೂಡಿ ಲೋಕಪ್ರಸಿದ್ಧನಾಗಲು ಇನ್ನೂ ಅರವತ್ತಕ್ಕೂ ಹೆಚ್ಚು ವರ್ಷಗಳಿದ್ದವು. ಕೆಲಸವನ್ನು ತುಂಡು ಮಾಡಿ ಹಂಚುವ ಉಪಾಯ ಎಸ್ತರ್‌ಗಿಂತ ಹಳೆಯದು, ನಿಜ. ಆದರೆ ಮನೆಯ ಕೋಣೆಯಲ್ಲಿ, ಹೆಂಗಸರೇ ಹೆಂಗಸರಿಗಾಗಿ ಕಟ್ಟಿಕೊಂಡ ಇಂಥದೊಂದು ಸಾಲು ಉದ್ಯಮದ ಚರಿತ್ರೆಯಲ್ಲಿ ಇನ್ನೂ ಹೆಚ್ಚಿನ ಜಾಗ ಪಡೆಯಬೇಕಿತ್ತು.

1850ರ ಫೆಬ್ರುವರಿ 5ರಂದು ವೂಸ್ಟರ್ ಸ್ಪೈ ಪತ್ರಿಕೆಯಲ್ಲಿ ಅವರ ಮೊದಲ ಜಾಹೀರಾತು ಬಂತು. ಬೇಡಿಕೆ ಏರಿದಂತೆ ಕೆಲಸ ಕೋಣೆಯಿಂದ ಹೊರಗೂ ಹರಿಯಿತು. ಮನೆಯಲ್ಲೇ ಕೂತು ಮಾಡಬಯಸುವ ಹೆಂಗಸರಿಗೆ ಒಂದು ಪೆಟ್ಟಿಗೆ ತಲುಪುತ್ತಿತ್ತು. ಅದರಲ್ಲಿ ಮಾದರಿ ಕಾರ್ಡೊಂದು, ಮಾಡಬೇಕಾದ ಅಷ್ಟೂ ಕಾರ್ಡಿಗೆ ಬೇಕಾದ ಲೇಸು, ಚಿತ್ರ, ಬಣ್ಣದ ಕಾಗದ. ವಾರದ ಮೇಲೆ ಗಾಡಿಯವನು ಬಂದು ಮುಗಿದದ್ದನ್ನು ಒಯ್ಯುತ್ತಿದ್ದ. ಪ್ರತಿಯೊಂದನ್ನೂ ಎಸ್ತರ್ ಪರೀಕ್ಷಿಸುತ್ತಿದ್ದರು. ಬೀಡಿ, ಅಗರಬತ್ತಿ, ಹಪ್ಪಳದ ಕೆಲಸ ನಮ್ಮ ಊರುಗಳಲ್ಲಿ ಹೇಗೆ ಮನೆಮನೆಗೆ ಹಂಚಿಹೋಗುತ್ತದೆ ಎಂದು ಬಲ್ಲ ಕನ್ನಡಿಗರಿಗೆ ಈ ಏರ್ಪಾಡು ಹೊಸದೆನಿಸದು.

ಎಸ್ತರ್‌ರ ನಿಜವಾದ ಜಾಣ್ಮೆ ಇದ್ದದ್ದು ಕಾಗದದ ಪದರಗಳಲ್ಲಿ. ಬಿಳಿ ಲೇಸು ಬಿಳಿ ಹಾಳೆಯ ಮೇಲೆ ಕೂತರೆ ಅದರ ಕುಸುರಿ ಕಣ್ಣಿಗೆ ಬೀಳುವುದಿಲ್ಲ. ಅವರು ಲೇಸಿನ ಕೆಳಗೆ ಮಿರುಗುವ ಬಣ್ಣದ ಪುಟ್ಟ ಕಾಗದದ ಬಿಲ್ಲೆ ಇಟ್ಟರು. ಕೆಂಪೋ ನೀಲಿಯೋ ಹಸಿರೋ ತೂತುಗಳಿಂದ ಇಣುಕಿ, ಅದೇ ಲೇಸು ಎದ್ದು ಕಾಣತೊಡಗಿತು. ಇನ್ನೊಂದು ಯುಕ್ತಿ, ಪದರಗಳ ನಡುವೆ ಮಡಿಸಿದ ಕಾಗದದ ಸ್ಪ್ರಿಂಗು ಇಟ್ಟು ಮೇಲಿನ ಚಿತ್ರವನ್ನು ಎತ್ತಿ ನಿಲ್ಲಿಸುವುದು. ಹಾಗೆ ಎದ್ದು ನಿಂತ ಚಿತ್ರದ ನೆರಳು ಕೆಳಗಿನ ಪದರದ ಮೇಲೆ ಬೀಳುತ್ತದೆ, ಚಪ್ಪಟೆ ಕಾಗದಕ್ಕೆ ಆಳ ಬರುತ್ತದೆ. ರೇಷ್ಮೆಯ ಚೂರು, ರಿಬ್ಬನ್ನು, ಹೊನ್ನಿನ ಬಣ್ಣದ ಕಾಗದ ಎಲ್ಲವೂ ಸೇರುತ್ತಿದ್ದವು. ಬೆಲೆ 5 ಸೆಂಟಿನಿಂದ ಶುರುವಾಗಿ ಡಾಲರು ದಾಟಿ ಮೇಲೇರುತ್ತಿತ್ತು. ಹಿಂಬದಿಯಲ್ಲಿ ಕೆಂಪು ಶಾಯಿಯಲ್ಲಿ ಒತ್ತಿದ ಒಂದು ಸಣ್ಣ ಎಚ್ ಅಕ್ಷರ ಅವರ ಗುರುತು. 1870ರಲ್ಲಿ ವಹಿವಾಟಿಗೆ ನ್ಯೂ ಇಂಗ್ಲೆಂಡ್ ವ್ಯಾಲೆಂಟೈನ್ ಕಂಪನಿ ಎಂಬ ಹೆಸರಾಯಿತು. ವರ್ಷಕ್ಕೆ 1 ಲಕ್ಷ ಡಾಲರಿನ ವ್ಯಾಪಾರ ಮುಟ್ಟಿತ್ತೆಂದು ಹೇಳುತ್ತಾರೆ.

ಅದರ ಹಿಂದೆ ಎಷ್ಟು ಕೈಗಳಿದ್ದವು, ಅವರ ಹೆಸರೇನು? ಕಾರ್ಡಿನ ಮೇಲೆ ಅದರ ಗುರುತಿಲ್ಲ. ಲಂಡನ್ನಿನ ಕಥೆಯೂ ಇದೇ. ಚಾರ್ಲ್ಸ್ ಡಿಕನ್ಸ್ ನಡೆಸುತ್ತಿದ್ದ ಆಲ್ ದ ಯಿಯರ್ ರೌಂಡ್ ವಾರಪತ್ರಿಕೆ 1864ರಲ್ಲಿ ವ್ಯಾಲೆಂಟೈನ್ ಕಾರ್ಖಾನೆಯೊಂದರ ಒಳಗನ್ನು ಓದುಗರಿಗೆ ತೋರಿಸಿತು. ಅಲ್ಲಿಯೂ ಬಣ್ಣ ತುಂಬುವ, ಅಂಟಿಸುವ ನಾಜೂಕಿನ ಕೆಲಸ ಹೆಂಗಸರದು, ಎಳೆಯ ಹುಡುಗಿಯರದು. ಲೇಸಿನ ಮೇಲೆ ತಯಾರಕನ ಹೆಸರು ಸ್ಪಷ್ಟವಾಗಿ ಓದಲು ಸಿಗುತ್ತದೆ. ಅದನ್ನು ಹರಿಯದಂತೆ ಎತ್ತಿ, ಗೋಂದು ಇಣುಕದಂತೆ ಕೂರಿಸಿದವಳ ಹೆಸರು ಸಿಗುವುದಿಲ್ಲ. ಕಾರ್ಡು ಚೆಂದವಾದದ್ದು ಆ ಎರಡನೆಯವಳಿಂದ ಎಂಬುದನ್ನು ಈ ಚರಿತ್ರೆ ಬರೆಯುವವರು ಮತ್ತೆ ಮತ್ತೆ ಹೇಳಬೇಕಾಗಿದೆ.

1860ರ ದಶಕದಲ್ಲಿ ಮೊಣಕಾಲಿಗೆ ಪೆಟ್ಟಾಗಿ ಎಸ್ತರ್ ಗಾಲಿಕುರ್ಚಿ ಹಿಡಿದರು. ಕೆಲಸ ನಿಲ್ಲಲಿಲ್ಲ. 1880ರ ಸುಮಾರಿಗೆ ಕಾಯಿಲೆಬಿದ್ದ ತಂದೆಯ ಆರೈಕೆಗೆಂದು ಕಂಪನಿಯನ್ನು ಅದೇ ಊರಿನ ಜಾರ್ಜ್ ವಿಟ್ನಿಗೆ ಮಾರಿದರು. ವಿಟ್ನಿ ಹೊರಗಿನ ಕಾಗದ ತರಿಸುವುದನ್ನು ಬಿಟ್ಟು, ಉಬ್ಬಚ್ಚಿನ ಯಂತ್ರ, ಲೇಸು ಕೊರೆಯುವ ಯಂತ್ರಗಳನ್ನು ತಾನೇ ಹಾಕಿಸಿದ. ಕಾರ್ಡಿನ ಬೆಲೆ ಇಳಿಯಿತು, ಕೈಕೆಲಸವೂ ಇಳಿಯಿತು. ಜೀವನವಿಡೀ ಪ್ರೇಮದ ಕಾರ್ಡು ಮಾಡಿ ತಾವು ಮದುವೆಯಾಗದೇ ಉಳಿದ ಎಸ್ತರ್ 1904ರಲ್ಲಿ ತೀರಿಕೊಂಡರು. ವಿಟ್ನಿ ಕಂಪನಿ 1942ರ ತನಕ ನಡೆಯಿತು, ಯುದ್ಧಕಾಲದ ಕಾಗದದ ಕೊರತೆ ಅದರ ಬಾಗಿಲು ಹಾಕಿಸಿತು.

ಮುದ್ರಿತ ಕಾರ್ಡಿನ ದಾರಿ ಬೇರೆ. 1843ರಲ್ಲಿ ಹೆನ್ರಿ ಕೋಲ್ ಎಂಬ ಬ್ರಿಟಿಷ್ ಅಧಿಕಾರಿ ಜಾನ್ ಕಾಲ್ಕಾಟ್ ಹಾರ್ಸ್ಲಿಯಿಂದ ಚಿತ್ರ ಬರೆಸಿ 1,000 ಕ್ರಿಸ್‌ಮಸ್ ಕಾರ್ಡುಗಳನ್ನು ಅಚ್ಚುಹಾಕಿಸಿದ, ಬಣ್ಣ ಮಾತ್ರ ಕೈಯಿಂದಲೇ ತುಂಬಿದ್ದು. 1870ರ ದಶಕದಲ್ಲಿ ಬೋಸ್ಟನ್ನಿನ ಲೂಯಿ ಪ್ರಾಂಗ್ ಹತ್ತಾರು ಕಲ್ಲುಗಳಿಂದ ಬಣ್ಣದ ಮೇಲೆ ಬಣ್ಣ ಅಚ್ಚೊತ್ತಿ ಆ ಕೈಗಳನ್ನೂ ಬಿಡಿಸಿದ. ಇಪ್ಪತ್ತನೆಯ ಶತಮಾನಕ್ಕೆ ಬರುವಾಗ ಕಾರ್ಡು ಎಂದರೆ ಅಂಗಡಿಯ ಸರಕು ಎಂದಾಗಿತ್ತು. ನಡುವೆ ಮೊದಲ ಮಹಾಯುದ್ಧದ ಕಾಲದಲ್ಲಿ ಮಾತ್ರ ಕೈ ಮತ್ತೊಮ್ಮೆ ಮುಂದೆ ಬಂತು. ಫ್ರಾನ್ಸ್, ಬೆಲ್ಜಿಯಂನ ಹೆಂಗಸರು ಉದ್ದನೆಯ ರೇಷ್ಮೆ ಪಟ್ಟಿಯ ಮೇಲೆ ಒಂದೇ ಚಿತ್ರವನ್ನು ಸಾಲಾಗಿ ಕಸೂತಿ ಹಾಕುತ್ತಿದ್ದರೆಂದು ಹೇಳುತ್ತಾರೆ. ಅದನ್ನು ಕತ್ತರಿಸಿ, ಉಬ್ಬಿಸಿದ ಅಂಚಿನ ಪೋಸ್ಟ್‌ಕಾರ್ಡಿಗೆ ಅಂಟಿಸಿ ಸೈನಿಕರಿಗೆ ಮಾರುತ್ತಿದ್ದರು. ಯಂತ್ರದ ಚೌಕಟ್ಟಿನೊಳಗೆ ಕೈಕೆಲಸ, ಮತ್ತೆ ಅದೇ ಒಪ್ಪಂದ.

ಕಾರ್ಡು ಮಾಡುವ ಹವ್ಯಾಸ ಮರುಹುಟ್ಟು ಪಡೆದದ್ದು 1970ರ ದಶಕದ ಅಮೆರಿಕದಲ್ಲಿ, ಕಚೇರಿಯ ಮೇಜಿನಿಂದ. ಸ್ವೀಕೃತಿ, ಪಾವತಿ ಎಂದು ಒತ್ತುವ ರಬ್ಬರ್ ಸ್ಟಾಂಪನ್ನು ಕಲಾವಿದರು ಅಂಚೆಯ ಮೂಲಕ ಕಳಿಸುವ ಚಿತ್ರಗಳಿಗೆ ಬಳಸಿದರು. ಅಲ್ಲಿಂದ ಅದು ಮನೆಮಾತಾಯಿತು. 1988ರಲ್ಲಿ ಇಬ್ಬರು ಅಕ್ಕತಂಗಿಯರು ಶುರುಮಾಡಿದ ಸ್ಟ್ಯಾಂಪಿನ್ ಅಪ್ ಕಂಪನಿ, ಒಬ್ಬರ ಮನೆಯಲ್ಲಿ ಹತ್ತು ಜನ ಕೂಡಿ ಕಲಿತು ಕೊಳ್ಳುವ ಪದ್ಧತಿಯಿಂದಲೇ ಬೆಳೆಯಿತು. ಡೈ ಕಟಿಂಗ್ ಬಂದದ್ದು ಶಾಲೆಯ ಕಡೆಯಿಂದ. ಗೋಡೆಗೆ ಅಂಟಿಸುವ ಅಕ್ಷರಗಳನ್ನು ಕತ್ತರಿಸಿ ಸುಸ್ತಾಗುತ್ತಿದ್ದ ಶಿಕ್ಷಕರಿಗೆಂದು 1977ರಲ್ಲಿ ಕ್ಯಾಲಿಫೋರ್ನಿಯಾದ ಎಲಿಸನ್ ಕಂಪನಿ ಕೈಯಿಂದ ಒತ್ತುವ ಯಂತ್ರ ತಂದಿತು. ಅದೇ ಕಂಪನಿಯ ಸಿಜ್ಜಿಕ್ಸ್ ಎಂಬ ಪುಟ್ಟ ಯಂತ್ರ 2001ರ ಸುಮಾರಿಗೆ ಮನೆಯ ಮೇಜಿಗೇ ಬಂತು. ಮುಂದೆ ಬಂದ ಮಾದರಿಗಳಲ್ಲಿ ಹಿಡಿಕೆ ತಿರುಗಿಸಿದರೆ ಉರುಳೆಗಳ ನಡುವೆ ಡೈ ಹಾಯ್ದು ಕಾಗದ ಕತ್ತರಿಸುತ್ತದೆ. ಡೈ ತೆಗೆದು ಪ್ಲಾಸ್ಟಿಕ್ಕಿನ ಎಂಬಾಸಿಂಗ್ ಫೋಲ್ಡರ್ ಇಟ್ಟರೆ ಅದೇ ಯಂತ್ರ ಕಾಗದವನ್ನು ಉಬ್ಬಿಸುತ್ತದೆ. ಆ ಫೋಲ್ಡರಿನ ಎರಡು ಮಗ್ಗುಲೂ ಡಾಬ್ಸ್‌ನ ಉಕ್ಕಿನ ಅಚ್ಚು, ಎದುರಚ್ಚುಗಳ ಮಕ್ಕಳೇ. ಇನ್ನೊಂದು ಬಗೆಯ ಉಬ್ಬು ಒತ್ತಡದ್ದಲ್ಲ, ಶಾಖದ್ದು. ನಿಧಾನವಾಗಿ ಒಣಗುವ ಶಾಯಿಯಲ್ಲಿ ಸ್ಟಾಂಪು ಒತ್ತಿ, ರಾಳದ ಪುಡಿ ಉದುರಿಸಿ, ಮಿಕ್ಕದ್ದನ್ನು ಕೊಡವಿ, ಬಿಸಿಗಾಳಿ ಹಾಯಿಸಿದರೆ ಪುಡಿ ಕರಗಿ ಗೆರೆ ಮೇಲೇಳುತ್ತದೆ. ವಿಸಿಟಿಂಗ್ ಕಾರ್ಡು ಅಚ್ಚುಹಾಕುವವರಿಗೆ ಇದು ಹಳೆಯ ವಿದ್ಯೆ.

ಕರ್ನಾಟಕದಲ್ಲಿ ಶುಭಾಶಯ ಪತ್ರದ ಸುಗ್ಗಿ ಇದ್ದದ್ದು ಜನವರಿಯಲ್ಲಿ. ಹೊಸ ವರ್ಷ, ಅದರ ಬೆನ್ನಿಗೇ ಸಂಕ್ರಾಂತಿ. 1970, 80ರ ದಶಕಗಳಲ್ಲಿ ಅಂಗಡಿಗಳ ಮುಂದೆ ದಾರ ಕಟ್ಟಿ ಕಾರ್ಡು ನೇತುಹಾಕುತ್ತಿದ್ದರು. ಲಕೋಟೆಯ ಬಾಯಿ ಅಂಟಿಸದೆ ಒಳಕ್ಕೆ ಮಡಿಸಿ ಬುಕ್ ಪೋಸ್ಟ್ ಎಂದು ಬರೆದರೆ ಅಂಚೆ ಖರ್ಚು ಕಡಿಮೆಯಾಗುತ್ತಿತ್ತು. ಕೊಳ್ಳಲಾಗದ ಮಕ್ಕಳು ಡ್ರಾಯಿಂಗ್ ಹಾಳೆ ಮಡಿಸಿ, ಬೆಂಡೆಕಾಯಿ ಅಡ್ಡ ಕೊಯ್ದು ಬಣ್ಣದಲ್ಲಿ ಅದ್ದಿ ಹೂವಿನ ಅಚ್ಚು ಒತ್ತಿ, ಗೋಂದಿನ ಮೇಲೆ ಚಮಕಿ ಉದುರಿಸುತ್ತಿದ್ದರು. ಮೊಬೈಲಿನ ಸಂದೇಶ ಬಂದ ಮೇಲೆ ಆ ದಾರಗಳು ಅಂಗಡಿಗಳಿಂದ ಇಳಿದವು.

ಇಳಿಯದೇ ಉಳಿದದ್ದು ಲಗ್ನಪತ್ರಿಕೆ. ಬೆಂಗಳೂರಿನ ಸುಲ್ತಾನ್‌ಪೇಟೆಯ ಅಂಗಡಿಗಳಲ್ಲಿ ಉಬ್ಬಿದ ಗಣಪತಿ, ಡೈ ಪಂಚಿಂಗ್ ಮಾಡಿದ ಅಂಚು, ಹೊನ್ನಿನ ಫಾಯಿಲು ಎಲ್ಲ ಆಗಿರುವ ಖಾಲಿ ಕಾರ್ಡುಗಳ ಆಲ್ಬಂ ಮೊದಲು ಕೈಗೆ ಬರುತ್ತದೆ. ಗಂಡು ಹೆಣ್ಣಿನ ಹೆಸರು, ಮುಹೂರ್ತ, ಕಲ್ಯಾಣಮಂಟಪ ಆಮೇಲೆ ಮುದ್ರಣವಾಗುತ್ತವೆ. ಕಾರ್ಡಿನ ಕಟ್ಟು ಮನೆಗೆ ಬಂದ ಮೇಲೆ ಹಿರಿಯರು ಕೂತು ಪತ್ರಿಕೆಯ ಮೂಲೆಗಳಿಗೆ ಅರಿಶಿನ ಹಚ್ಚುತ್ತಾರೆ. ಅದು ಬೀಳುವ ತನಕ ಎಷ್ಟು ಬೆಲೆಬಾಳುವ ಕಾರ್ಡಾದರೂ ಯಾರ ಮನೆಗೂ ಹೋಗುವುದಿಲ್ಲ. ಅಲಂಕಾರದ ಭಾರವನ್ನೆಲ್ಲ ಯಂತ್ರಕ್ಕೆ ಬಿಟ್ಟು, ಕರೆಯುವ ಅಧಿಕಾರವನ್ನು ಕೈ ತನ್ನಲ್ಲೇ ಉಳಿಸಿಕೊಂಡಿರುವ ಏರ್ಪಾಡು ಇದು.

ಕಾರ್ಡಿನ ಒಳಗೆ ಏನು ಬರೆಯಬೇಕು ಎಂಬುದಕ್ಕೂ ಎಸ್ತರ್ ಒಂದು ದಾರಿ ಮಾಡಿದ್ದರು. ಅವರ ಕಾರ್ಡುಗಳ ಹೊರಗೆ ಮಾತು ಕಡಿಮೆ, ಪದ್ಯ ಇರುತ್ತಿದ್ದುದು ಒಳಗೆ. ಹೊರಗಿನ ಚಿತ್ರ ಮೆಚ್ಚಿದವರಿಗೆ ಒಳಗಿನ ಪದ್ಯ ಹಿಡಿಸದೇ ಹೋಗಬಹುದಲ್ಲ? 1879ರಲ್ಲಿ ಅವರ ಕಂಪನಿ 31 ಪುಟಗಳ ಪುಸ್ತಕವೊಂದನ್ನು ಹೊರತಂದಿತು. ಅದರಲ್ಲಿ ಬಗೆಬಗೆಯ ಬಣ್ಣದಲ್ಲಿ ಅಚ್ಚಾದ 131 ಪದ್ಯಗಳು. ಕೊಳ್ಳುವವರು ತಮಗೆ ಬೇಕಾದ್ದನ್ನು ಆರಿಸಿದರೆ, ಅದನ್ನು ಕತ್ತರಿಸಿ ಮೊದಲಿನ ಪದ್ಯದ ಮೇಲೆ ಅಂಟಿಸಿ ಕೊಡಬಹುದಿತ್ತು. ಇಂದಿನ ಹವ್ಯಾಸಿಗಳೂ ಒಳಪುಟವನ್ನು ಖಾಲಿ ಬಿಟ್ಟೇ ಕಾರ್ಡು ಮುಗಿಸುತ್ತಾರೆ. ಹುಟ್ಟುಹಬ್ಬಕ್ಕೆ, ಮದುವೆಗೆ, ಕಾಯಿಲೆಯವರಿಗೆ, ದುಃಖದಲ್ಲಿರುವವರಿಗೆ ಎಂದು ಬೇರೆ ಬೇರೆ ಮಾತುಗಳ ಸ್ಟಾಂಪುಗಳನ್ನು ಕೂಡಿಟ್ಟುಕೊಂಡು, ಕಳಿಸುವ ದಿನ ಯಾರಿಗೆ ಯಾವುದು ಎಂದು ನೋಡಿ ಒತ್ತುತ್ತಾರೆ.